ಕರಗಿದ್ದು ಎಲ್ಲಿಗೆ ಹೋಯ್ತು ಸ್ವಾಮಿ?

“ಅಂಕಲ್, ಇದು ಪ್ಲಾಸ್ಟಿಕ್ ಅಲ್ಲ. ನೀರಿಗೆ ಬಿದ್ದ ಕೂಡ್ಲೇ ಕರಗಿ ಹೋಗ್ತದೆ, ಏನೂ ಉಳಿಯೋದಿಲ್ಲ.”

ಈ ಮಾತಿನಲ್ಲಿ ಸರಿ ಇರೋದು ನಡುವಿನ ತುಂಡು ಮಾತ್ರ. ನೀರಿಗೆ ಬಿದ್ದ ಮೇಲೆ ಕರಗ್ತದೆ, ಹೌದು. ಆದ್ರೆ ಹಿಂದಿನದ್ದೂ ತಪ್ಪು, ಮುಂದಿನದ್ದೂ ತಪ್ಪು. ಹೇಳಿದ ಹುಡುಗ ಒಳ್ಳೆಯವನೇ, ನಮ್ಮ ಊರಿನ ಕಡೆಯವನೇ, ಎಂಜಿನಿಯರು ಬೇರೆ. ಅದಕ್ಕೇ ಸಿಟ್ಟು ಬಂತು.

ವಿಷಯ ಏನು ಅಂತ ಹೇಳ್ತೇನೆ. ನಮ್ಮ ಕಡೆಯ ಒಂದು ಕನ್ನಡ ಸಂಘದವರು (ಹೆಸರು ಬೇಡ, ನಾಳೆ ಮುಖ ನೋಡಬೇಕಲ್ಲ) ಮನೋರಿ ಕಡೆ ಪಿಕ್‌ನಿಕ್ ಇಟ್ಟಿದ್ದಾರೆ. ಅದರಲ್ಲಿ ಮಕ್ಕಳಿಗೆ, ದೊಡ್ಡವರಿಗೆ ಗಾಳ ಹಾಕುವ ಸ್ಪರ್ಧೆ. ಒಳ್ಳೆಯದೇ. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮೀನು ಅಂದ್ರೆ ಥರ್ಮೋಕೋಲ್ ಡಬ್ಬಿಯಲ್ಲಿ ಐಸಿನ ಮೇಲೆ ಮಲಗಿರುವ ವಸ್ತು. ಜೀವ ಇರುವ ಮೀನು ದಾರ ಎಳೆದಾಗ ಕೈಗೆ ಆಗುವ ಜುಮ್ ಒಂದು ಸಲವಾದ್ರೂ ಗೊತ್ತಾಗಲಿ. ಆದ್ರೆ ಸ್ಪರ್ಧೆಗೆ “ಇಕೋ ಫ್ರೆಂಡ್ಲಿ” ಅಂತ ಹೆಸರು ಕೊಟ್ಟು, ಎರೆ ಕಟ್ಟಲಿಕ್ಕೆ ವಿದೇಶದಿಂದ ಬರುವ ಕರಗುವ ಚೀಲಗಳನ್ನು ಸಂಘದ ದುಡ್ಡಿನಲ್ಲಿ ತರಿಸುವುದು ಅಂತ ಕಮಿಟಿಯಲ್ಲಿ ಪಾಸಾಗಿದೆ. ಮಕ್ಕಳ ಕೈಗೆ ಒಂದೊಂದು ಪ್ಯಾಕೆಟ್. ಸಮುದ್ರಕ್ಕೆ ಎಸೀರಿ ಮಕ್ಕಳೇ, ಕರಗ್ತದೆ! ಈ ಪಾಠ ಕಲಿಸಬಾರದು ಅನ್ನೋದಕ್ಕೇ ಇಷ್ಟು ಬರೀತಾ ಇದ್ದೇನೆ.

ಗಾಳದ ಹವ್ಯಾಸ ಇಲ್ಲದವರಿಗೆ ಮೊದಲು ಈ ಚೀಲ ಅಂದ್ರೆ ಏನು ಅಂತ ಹೇಳಬೇಕು. ದಂಡೆಯಲ್ಲಿ ನಿಂತು ಉದ್ದದ ಕೋಲಿನಿಂದ ಬೀಸಿ ಎಸೆದಾಗ ಸಿಗಡಿಯಂಥ ಮೆತ್ತಗಿನ ಎರೆ ಗಾಳದಿಂದ ಕಿತ್ತು ಎಲ್ಲೋ ಹಾರಿ ಹೋಗ್ತದೆ. ಸೀಸದ ಗುಂಡು ಒಂದು ಕಡೆ, ಸಿಗಡಿ ಇನ್ನೊಂದು ಕಡೆ. ಅದಕ್ಕೆ ಇಂಗ್ಲೆಂಡಿನ ಗಾಳದವರು ಒಂದು ಉಪಾಯ ಮಾಡಿದ್ರು. ಬೆರಳುದ್ದದ, ಕಾಗದದಷ್ಟು ತೆಳ್ಳಗಿನ ಚೀಲದೊಳಗೆ ಗಾಳ, ಎರೆ, ಜೊತೆಗೆ ಒಂದಷ್ಟು ಪುಡಿ ತಿಂಡಿ ಎಲ್ಲ ತುಂಬಿಸಿ ಬಿಗಿದು ಕಟ್ಟಿ ಎಸೆಯೋದು. ಗಾಳಿಯಲ್ಲಿ ಏನೂ ಬಿಚ್ಚೋದಿಲ್ಲ, ದಾರ ಸಿಕ್ಕು ಬೀಳೋದಿಲ್ಲ. ನೀರಿಗೆ ಬಿದ್ದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಚೀಲ ಕರಗಿ ಒಳಗಿನ ತಿಂಡಿ ಗಾಳದ ಸುತ್ತಲೇ ಹರಡಿ ವಾಸನೆ ಬಿಡ್ತದೆ. ಮೊದಲು ಕೆರೆಯ ಕಾರ್ಪ್ ಮೀನಿಗೆ ಬಳಸ್ತಿದ್ದದ್ದು ಈಗ ಸಮುದ್ರದ ಗಾಳಕ್ಕೂ ಬಂದಿದೆ. ಉಪಾಯ ಬುದ್ಧಿವಂತಿಕೆಯದ್ದೇ. ಹೊಟ್ಟೆಕಿಚ್ಚಿಲ್ಲದೆ ಹೇಳ್ತೇನೆ.

ಆ ಚೀಲ ಮಾಡೋದು ಪಾಲಿವಿನೈಲ್ ಆಲ್ಕೋಹಾಲ್ ಅನ್ನುವ ವಸ್ತುವಿನಿಂದ. ಪಿವಿಎ ಅಂತಾರೆ. ಆಲ್ಕೋಹಾಲ್ ಅಂದ ಕೂಡ್ಲೇ ಕಣ್ಣರಳಿಸಬೇಡಿ, ಆ ಬಾಬ್ತಿನದ್ದಲ್ಲ. ನಿಮಗೆಲ್ಲ ಫೆವಿಕಾಲ್ ಗೊತ್ತಲ್ಲ, ಬಡಗಿಗಳ ಬಿಳಿ ಅಂಟು? ಅದರಲ್ಲಿರೋದು ಪಾಲಿವಿನೈಲ್ ಅಸಿಟೇಟ್. ಆ ಅಸಿಟೇಟನ್ನೇ ಇನ್ನೊಂದು ಹಂತ ಸಂಸ್ಕರಿಸಿದ್ರೆ ಈ ಪಿವಿಎ. ಅಂದ್ರೆ ಫೆವಿಕಾಲಿನ ಒಡಹುಟ್ಟು. ಮೂಲ ಪೆಟ್ರೋಲಿಯಂ, ಗ್ಯಾಸು ಇತ್ಯಾದಿ. ಜರ್ಮನಿಯಲ್ಲಿ ಹೆರ್ಮನ್ ಮತ್ತು ಹೇನೆಲ್ ಅನ್ನುವವರು 1924ರಲ್ಲಿ ಮೊದಲು ಮಾಡಿದ್ದು. ಮನುಷ್ಯ ಮಾಡಿದ ಉದ್ದುದ್ದ ಸರಪಣಿಯ ವಸ್ತು, ಹಾಳೆಯಾಗಿ ಎಳೆದು ಚೀಲ ಹೊಲಿಯಲಿಕ್ಕೆ ಬರ್ತದೆ. ಪ್ಲಾಸ್ಟಿಕ್ ಅಂದ್ರೆ ಮತ್ತೇನು ಮಾರಾಯ್ರೆ? ನೀರಲ್ಲಿ ಕರಗುವ ಪ್ಲಾಸ್ಟಿಕ್ ಅಂತ ಹೇಳಿ, ಒಪ್ಪಿಕೊಳ್ತೇನೆ. ಪ್ಲಾಸ್ಟಿಕ್ಕೇ ಅಲ್ಲ ಅಂದ್ರೆ ಒಪ್ಪೋದಿಲ್ಲ. ಅಂದ ಹಾಗೆ ಇದೇ ವಸ್ತುವನ್ನು ಬೇರೆ ರೀತಿ ಹದ ಮಾಡಿ, ನೀರಿಗೆ ಕರಗದ ಹಾಗೆ ನೂಲು ತೆಗೆದು, ಜಪಾನಿನವರು 1950ರಿಂದ ವಿನೈಲಾನ್ ಅಂತ ಮಾರಿದ್ರು. ಮೀನಿನ ಬಲೆಗೆ, ಹಗ್ಗಕ್ಕೆಲ್ಲ ಅದನ್ನು ಬಳಸಿದ್ರು. ಕರಗೋದು, ಕರಗದಿರೋದು ಹದದ ಮಾತು. ಜಾತಿ ಒಂದೇ.

ನಮ್ಮ ಊರಿಗೂ ಇದು ಹೊಸತಲ್ಲ. ಭಿವಂಡಿಯ ಪವರ್‌ಲೂಮಿನವರನ್ನು ಕೇಳಿ. ಹಾಸು ನೂಲು ಮಗ್ಗದಲ್ಲಿ ತುಂಡಾಗದಿರಲಿ ಅಂತ ಗಂಜಿ ಹಾಕ್ತಾರಲ್ಲ, ಪಾಲಿಯೆಸ್ಟರ್ ಮಿಶ್ರ ನೂಲಿಗೆ ಆ ಗಂಜಿಯಲ್ಲಿ ಪಿವಿಎ ಇರ್ತದೆ. ಬಟ್ಟೆ ನೇಯ್ದ ಮೇಲೆ ಅದನ್ನು ತೊಳೆದು ಹೊರಗೆ ಬಿಡ್ತಾರೆ. ಬಟ್ಟೆ ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವವರಿಗೆ ಇದು ಹಳೇ ತಲೆನೋವು, ಯಾಕಂದ್ರೆ ಕಣ್ಣಿಗೆ ಕಾಣದೆ ಕರಗಿದ್ದರೂ ನೀರಿನ ಪರೀಕ್ಷೆ ಮಾಡಿದಾಗ ಲೆಕ್ಕದಲ್ಲಿ ಸಿಕ್ಕಿ ಬೀಳ್ತದೆ.

ಈಗ ಕರಗುವ ವಿಷಯಕ್ಕೆ ಬರೋಣ.

ನನ್ನದು ಬಿ.ಕಾಂ. ಕೆಮಿಸ್ಟ್ರಿ ಹತ್ತನೇ ಕ್ಲಾಸಿಗೇ ಮುಗಿದಿದೆ. ಆದ್ರೆ ಉಪ್ಪು ನೀರಲ್ಲಿ ಕರಗಿದ್ರೆ ನೀರು ಉಪ್ಪಾಗ್ತದೆ ಅಂತ ತಿಳಿಯಲಿಕ್ಕೆ ಕೆಮಿಸ್ಟ್ರಿ ಬೇಡ, ಸಾರು ಮಾಡಿ ಗೊತ್ತಿದ್ರೆ ಸಾಕು. ಕರಗುವುದು ಬೇರೆ, ಇಲ್ಲವಾಗುವುದು ಬೇರೆ. ಕರಗಿತು ಅಂದ್ರೆ ಕಣ್ಣಿಗೆ ಕಾಣೋದಿಲ್ಲ ಅಂತ ಮಾತ್ರ ಅರ್ಥ. ಇಲ್ಲವಾಗಬೇಕಾದ್ರೆ ಯಾವುದಾದರೂ ಜೀವಿ ಅದನ್ನು ತಿಂದು ಜೀರ್ಣಿಸಿ ಗಾಳಿ, ನೀರು ಮಾಡಬೇಕು. ಪಿವಿಎಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಇವೆ, ಇಲ್ಲ ಅಂತ ಅಲ್ಲ. ಆದ್ರೆ ಅವು ಎಲ್ಲೆಂದರಲ್ಲಿ ಇರೋದಿಲ್ಲ. ಈ ವಸ್ತು ದಿನಾ ಬಂದು ಬೀಳುವ ಕೊಳಚೆ ಶುದ್ಧೀಕರಣ ಘಟಕದ ಕೆಸರಿನಲ್ಲಿ, ಅಭ್ಯಾಸ ಆದ ಮೇಲೆ, ಅವು ಕೆಲಸ ಮಾಡ್ತವೆ. ಸಮುದ್ರದ ನೀರಲ್ಲಿ ಅಂಥವು ವಿರಳ, ಕೆಲಸವೂ ನಿಧಾನ.

ನಮ್ಮ ಬ್ಯಾಂಕಿನವರಿಗೆ ಇದು ಬೇಗ ಅರ್ಥ ಆಗಬೇಕು. ವಸೂಲಾಗದ ಸಾಲವನ್ನು ನಾವು ‘ರೈಟ್ ಆಫ್’ ಮಾಡ್ತೇವೆ. ಬ್ಯಾಲೆನ್ಸ್ ಶೀಟಿನಿಂದ ಆ ಮೊತ್ತ ಮಾಯ. ಪತ್ರಿಕೆಯಲ್ಲಿ ಎನ್‌ಪಿಎ ಕಡಿಮೆಯಾಯ್ತು ಅಂತ ಬರ್ತದೆ. ಸಾಲ ಹೋಯ್ತಾ? ಎಲ್ಲಿಗೆ ಹೋಗ್ತದೆ! ಸಾಲಗಾರ ಹಾಗೇ ಇದ್ದಾನೆ, ಬಾಕಿ ಹಾಗೇ ಇದೆ, ಬ್ರಾಂಚಿನಲ್ಲಿ ಯಾರೋ ಒಬ್ಬ ಬಡಪಾಯಿ ಆಫೀಸರ್ ಇನ್ನೂ ಫೋನು ಮಾಡ್ತಾ ಇದ್ದಾನೆ. ಪುಸ್ತಕದಲ್ಲಿ ಕಾಣೋದಿಲ್ಲ, ಅಷ್ಟೆ. ಈ ಕರಗುವ ಚೀಲವೂ ಅಷ್ಟೆ. ಸಮುದ್ರದ ಮೇಲೆ ಬರೆದ ರೈಟ್ ಆಫ್.

ಇದಕ್ಕೆ ಉತ್ತರವಾಗಿ ಆ ಹುಡುಗ ಎರಡು ಲಿಂಕು ಕಳಿಸಿದ. ಪಿವಿಎ ಪೂರ್ತಿ ಜೈವಿಕವಾಗಿ ಕೊಳೆಯುತ್ತದೆ, ವಿಷವಲ್ಲ, ಮಾತ್ರೆಗಳ ಹೊದಿಕೆಗೂ ಕಣ್ಣಿನ ಡ್ರಾಪಿಗೂ ಬಳಸ್ತಾರೆ ಅಂತ. ವಿಷವಲ್ಲ ಅನ್ನೋದನ್ನು ನಾನೂ ಒಪ್ತೇನೆ. ಸಮುದ್ರಕ್ಕೆ ಇದು ಸಯನೈಡು ಅಂತ ನಾನು ಹೇಳ್ತಾ ಇಲ್ಲ. ಕೊಳೆಯುತ್ತದೆ ಅನ್ನುವ ಮಾತಿನ ಬಗ್ಗೆ ಮಾತ್ರ ಜಗಳ ಇದೆ, ಮತ್ತು ಆ ಜಗಳ ಅಮೆರಿಕದಲ್ಲಿ ಜೋರಾಗಿಯೇ ನಡೆದಿದೆ. ಬಟ್ಟೆ ತೊಳೆಯುವ ಸೋಪಿನ ಪುಟ್ಟ ಗುಳಿಗೆಗಳು ಬರ್ತವಲ್ಲ, ಮೆಷೀನಿಗೆ ಹಾಗೇ ಹಾಕೋದು, ಅವುಗಳ ಹೊದಿಕೆಯೂ ಇದೇ ಪಿವಿಎ. 2021ರಲ್ಲಿ ಅರಿಜೋನಾದ ಸಂಶೋಧಕರು ಲೆಕ್ಕ ಹಾಕಿ, ಅಲ್ಲಿ ಹೀಗೆ ಬಳಕೆಯಾಗುವ ಪಿವಿಎಯಲ್ಲಿ ಮುಕ್ಕಾಲು ಪಾಲಿನಷ್ಟು ಕೊಳೆಯದೆ ಪರಿಸರಕ್ಕೆ ಸೇರುತ್ತಿರಬಹುದು ಅಂದ್ರು. ಅದು ಅಂದಾಜಿನ ಲೆಕ್ಕ, ನದಿಯಿಂದ ಎತ್ತಿ ಅಳೆದದ್ದಲ್ಲ. ಆ ಅಧ್ಯಯನಕ್ಕೆ ದುಡ್ಡು ಕೊಟ್ಟದ್ದು ಬ್ಲೂಲ್ಯಾಂಡ್ ಅನ್ನುವ, ಪಿವಿಎ ಹೊದಿಕೆ ಇಲ್ಲದ ಸೋಪು ಮಾರುವ ಕಂಪೆನಿ. ಇದನ್ನೂ ಹೇಳಬೇಕು, ಹೇಳದಿದ್ರೆ ನ್ಯಾಯ ಅಲ್ಲ. 2022ರಲ್ಲಿ ಅದೇ ಕಂಪೆನಿ ಮತ್ತು ಪರಿಸರ ಸಂಘಟನೆಗಳು ಅಲ್ಲಿನ ಪರಿಸರ ಇಲಾಖೆ ಇಪಿಎಗೆ ಅರ್ಜಿ ಹಾಕಿ, ಪಿವಿಎ ಸುರಕ್ಷಿತ ಅಂತ ಸಾಬೀತಾಗುವ ತನಕ ಪರೀಕ್ಷೆ ಮಾಡಿಸಿ ಅಂದ್ರು. 2023ರ ಏಪ್ರಿಲ್‌ನಲ್ಲಿ ಇಪಿಎ ಅರ್ಜಿಯನ್ನು ತಿರಸ್ಕರಿಸ್ತು. ಸೋಪು ತಯಾರಕರ ಸಂಘದವರು ಮೊದಲಿನಿಂದಲೂ ಆ ಲೆಕ್ಕವೇ ತಪ್ಪು ಅಂತ ಹೇಳ್ತಾ ಬಂದಿದ್ದಾರೆ.

ಅಂದ್ರೆ ಎರಡೂ ಕಡೆ ಇಂಟರೆಸ್ಟೆಡ್ ಪಾರ್ಟಿಗಳು. ಸಾಲದ ಅರ್ಜಿ ನೋಡುವಾಗ ನಾವು ಏನು ಮಾಡ್ತೇವೆ? ಅರ್ಜಿದಾರ ಹೇಳಿದ್ದನ್ನೂ ಬದಿಗಿಟ್ಟು, ಅವನ ಪಕ್ಕದ ಅಂಗಡಿಯವ ಹೇಳಿದ್ದನ್ನೂ ಬದಿಗಿಟ್ಟು, ನಾವೇ ಜಾಗಕ್ಕೆ ಹೋಗಿ ನೋಡ್ತೇವೆ. ಹಾಗೇ ಇಲ್ಲೂ ಜಾಗ ನೋಡಿ.

ಕೊಳೆಯುತ್ತದೆ ಅನ್ನುವವರ ವಾದ ಎಲ್ಲ ನಿಂತಿರೋದು ಶುದ್ಧೀಕರಣ ಘಟಕದ ಮೇಲೆ. ಸೋಪಿನ ನೀರು ಅಲ್ಲಿಗೆ ಹೋಗ್ತದೆ, ಅಲ್ಲಿನ ಬ್ಯಾಕ್ಟೀರಿಯಾ ತಿಂತದೆ. ಸರಿ. ಗಾಳದ ಚೀಲ ಯಾವ ಘಟಕಕ್ಕೆ ಹೋಗ್ತದೆ ಸ್ವಾಮಿ? ಅದು ಮಗುವಿನ ಕೈಯಿಂದ ನೇರ ಸಮುದ್ರಕ್ಕೆ. ನಡುವೆ ಒಂದು ಬಕೆಟ್ ಕೂಡ ಇಲ್ಲ. ಇನ್ನು ಮುಂಬಯಿಯಲ್ಲಿ ಸೋಪಿನ ನೀರಿನ ಕತೆಯೂ ಅಷ್ಟಕ್ಕಷ್ಟೆ. ವರ್ಲಿಯಿಂದ, ಬಾಂದ್ರಾದಿಂದ ಸಮುದ್ರದೊಳಗೆ ಮೂರು ಕಿಲೋಮೀಟರಿಗೂ ಆಚೆ ಪೈಪು ಹಾಕಿ ಕೊಳಚೆ ಬಿಡುವ ವ್ಯವಸ್ಥೆ ವರ್ಷಗಳಿಂದ ಇದೆ. ಬಿಡುವ ಮೊದಲು ಮಾಡುತ್ತಾ ಬಂದದ್ದು ಜರಡಿ ಹಿಡಿದು ಕಸ ಎತ್ತೋದು, ಮರಳು ಇಳಿಸೋದು. ಕರಗಿದ ವಸ್ತುವನ್ನು ಜರಡಿ ಹಿಡಿಯುತ್ತದಾ? ಈಗ ದೊಡ್ಡ ದೊಡ್ಡ ಹೊಸ ಘಟಕಗಳ ಕೆಲಸ ಶುರುವಾಗಿದೆ, ಮುಗಿಯಲಿ, ಸಂತೋಷ. ಆದ್ರೆ ಯುರೋಪಿನ ಶುದ್ಧೀಕರಣ ಘಟಕವನ್ನು ಮನಸ್ಸಿನಲ್ಲಿಟ್ಟು ಬರೆದ ಸರ್ಟಿಫಿಕೇಟನ್ನು ಮನೋರಿ ಖಾಡಿಗೆ ತಂದು ಅಂಟಿಸಬೇಡಿ.

ಸರ್ಟಿಫಿಕೇಟ್ ಅಂದಾಗ ಇನ್ನೊಂದು. ನಮ್ಮಲ್ಲಿ ತರಕಾರಿಯವರ ಹತ್ರ ಹಸಿರು ಬಣ್ಣದ ‘ಕಂಪೋಸ್ಟಬಲ್’ ಚೀಲ ಬರ್ತದೆ, ನೋಡಿದ್ದೀರಿ. ಅದರ ಮೇಲೆ ಐಎಸ್‌ಒ 17088 ಅಂತ ನಂಬರು ಇದ್ರೆ ಅದು ಗೊಬ್ಬರದ ಘಟಕದ ಬಿಸಿಯಲ್ಲಿ, ಅಲ್ಲಿನ ತೇವದಲ್ಲಿ ಕೊಳೆಯುತ್ತದೆ ಅನ್ನುವುದಕ್ಕೆ ಸಾಕ್ಷಿ. ಗಟಾರಕ್ಕೆ, ಸಮುದ್ರಕ್ಕೆ ಎಸೆಯಬಹುದು ಅನ್ನುವುದಕ್ಕೆ ಅಲ್ಲ. ಇಂಡೋನೇಷ್ಯಾದ ಬಾಲಿಯಲ್ಲಿ ಒಬ್ಬ ಉದ್ಯಮಿ ಮರಗೆಣಸಿನ ಚೀಲವನ್ನು ಬಿಸಿ ನೀರಿನಲ್ಲಿ ಕದಡಿ ಕ್ಯಾಮೆರಾ ಮುಂದೆ ಕುಡಿದು ತೋರಿಸಿದ. ಆ ವಿಡಿಯೋ ಎಷ್ಟು ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತಿದೆಯೋ ಲೆಕ್ಕ ಇಲ್ಲ. ಕುಡಿದವನು ಬದುಕಿದ, ಸರಿ. ಅದರಿಂದ ಸಮುದ್ರಕ್ಕೆ ಎಸೆಯುವ ಪರವಾನಗಿ ಹೇಗೆ ಬಂತು?

ಕರಗುವುದು ಅಂದ್ರೆ ಪುಣ್ಯದ ಕೆಲಸ ಅಂತ ನಮ್ಮ ತಲೆಗೆ ಹೊಕ್ಕಿದ್ದು ಗಣಪತಿಯಿಂದ ಇರಬಹುದು ಅಂತ ನನಗೆ ಅನುಮಾನ. ಮಣ್ಣಿನ ಗಣಪತಿ ಕರಗಿದ್ರೆ ಉಳಿಯೋದು ಮಣ್ಣೇ, ನದಿಯಿಂದ ಬಂದದ್ದು ನದಿಗೆ. ಅದು ಕರಗುವುದರ ಸರಿಯಾದ ಉದಾಹರಣೆ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗಣಪತಿ ಕರಗೋದಿಲ್ಲ, ಮರುದಿನ ಜುಹೂ, ದಾದರ್ ಚೌಪಾಟಿಯಲ್ಲಿ ಅರ್ಧ ಮುರಿದು ಬಿದ್ದ ಮೂರ್ತಿಗಳನ್ನು ನೋಡಲಿಕ್ಕಾಗದೆ ಮುಖ ತಿರುಗಿಸ್ತೇವೆ. ಅದಕ್ಕೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಒಂದು ದಾರಿ ತೋರಿಸಿದ್ರು. ಮನೆಯಲ್ಲೇ ಬಕೆಟಿನಲ್ಲಿ ಅಮೋನಿಯಂ ಬೈಕಾರ್ಬೋನೇಟ್ (ಬೇಕರಿಯವರು ಬಿಸ್ಕತ್ತಿಗೆ ಹಾಕ್ತಾರಲ್ಲ, ಅದು) ಕದಡಿ ಮೂರ್ತಿ ಮುಳುಗಿಸೋದು. ಪ್ಲಾಸ್ಟರ್ ಕರಗಿ ತಳದಲ್ಲಿ ಸುಣ್ಣದ ಪುಡಿ ಕೂರ್ತದೆ, ಮೇಲಿನ ನೀರಿನಲ್ಲಿ ಅಮೋನಿಯಂ ಸಲ್ಫೇಟ್, ಅಂದ್ರೆ ಗಿಡಕ್ಕೆ ಗೊಬ್ಬರ. ಇದರಲ್ಲಿ ನನಗೆ ಹಿಡಿಸಿದ್ದು ಕರಗಿಸಿದ್ದಲ್ಲ, ಲೆಕ್ಕ ಕೊಟ್ಟದ್ದು. ಕರಗಿದ ಮೇಲೆ ಏನಾಯ್ತು, ಎಲ್ಲಿ ಕೂತಿತು, ಏನು ಮಾಡಬೇಕು. ಡೆಬಿಟ್ ಇದೆ, ಕ್ರೆಡಿಟ್ ಇದೆ, ಟ್ಯಾಲಿ ಆಗ್ತದೆ. ಗಾಳದ ಚೀಲದ ಪ್ಯಾಕೆಟ್ಟಿನ ಮೇಲೆ ‘ಕರಗುತ್ತದೆ’ ಅಂತ ಒಂದೇ ಎಂಟ್ರಿ.

“ಎಂತ ಮಾರಾಯ್ರೆ ನೀವು, ಬೆರಳುದ್ದದ ಚೀಲಕ್ಕೆ ಇಷ್ಟು ದೊಡ್ಡ ಗಲಾಟೆ? ಮಾಹಿಮ್ ಖಾಡಿಗೆ ಮಿಠಿ ನದಿ ತಂದು ಸುರಿಯೋದನ್ನು ನೋಡಿದ್ದೀರಾ?” ಅಂತ ಕಮಿಟಿಯ ಹಿರಿಯರೊಬ್ಬರು ಕೇಳಿದ್ರು. ನೋಡಿದ್ದೇನೆ. 2005ರ ಜುಲೈ 26ರಂದು ಆ ಮಿಠಿ ನದಿ ಊರೊಳಗೆ ಬಂದದ್ದನ್ನೂ ನೋಡಿದ್ದೇನೆ. ಮೊಣಕಾಲಿನಿಂದ ಸೊಂಟದ ತನಕ ನೀರಲ್ಲಿ ನಡೆದವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ! ಆಗ ಗಟಾರ ಕಟ್ಟಿದ್ದು ಏನು ಅಂತ ಹುಡುಕಿದಾಗ ಎಲ್ಲರ ಬೆರಳು ಹೋದದ್ದು ಅಂಗೈಯಗಲದ ತೆಳು ಪ್ಲಾಸ್ಟಿಕ್ ಚೀಲದ ಮೇಲೆ. ಒಂದೊಂದೂ ಬೆರಳಲ್ಲಿ ಹಾರಿಸುವಷ್ಟು ಹಗುರ. ಆಮೇಲೆ ನಿಷೇಧ ಬಂತು, ಮರೆತೆವು. 2018ರ ಮಾರ್ಚ್ 23ಕ್ಕೆ ಮಹಾರಾಷ್ಟ್ರ ಸರಕಾರ ಇನ್ನೊಂದು ಸಲ ನಿಷೇಧಿಸ್ತು, 2022ರ ಜುಲೈ 1ಕ್ಕೆ ಕೇಂದ್ರದವರು ಸ್ಟ್ರಾ, ಚಮಚ, ಥರ್ಮೋಕೋಲ್ ಅಲಂಕಾರ ಎಲ್ಲ ಸೇರಿಸಿ ದೇಶಕ್ಕೇ ನಿಷೇಧ ಹಾಕಿದ್ರು. ಸಣ್ಣ ವಸ್ತು ಸಣ್ಣ ಹಾನಿ ಅನ್ನುವ ವಾದ ಈ ಊರಲ್ಲಿ ಇನ್ನೊಮ್ಮೆ ಮಾಡಬೇಡಿ ಅಣ್ಣ.

ಗಾಳದವರ ಸಣ್ಣ ವಸ್ತುವಿಗೇ ಒಂದು ಉದಾಹರಣೆ ಇದೆ. ಇಂಗ್ಲೆಂಡಿನ ನದಿಗಳಲ್ಲಿ ಹಂಸಗಳು ಸಾಯ್ತಾ ಇದ್ದವು. ನೋಡಿದ್ರೆ ಗಾಳದವರು ಬೀಳಿಸಿದ ಸಾಸಿವೆ, ಕಡಲೆ ಗಾತ್ರದ ಸೀಸದ ಗುಂಡುಗಳನ್ನು ಕಲ್ಲಿನ ಹರಳು ಅಂತ ನುಂಗಿ ಸೀಸದ ವಿಷ ಏರಿ ಸತ್ತದ್ದು. 1987ರಲ್ಲಿ ಅಲ್ಲಿ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದ್ರು. ಯಾವ ದೇಶದಿಂದ ಚೀಲದ ಫ್ಯಾಷನ್ ತರಿಸ್ತಾ ಇದ್ದೇವೋ ಅದೇ ದೇಶ. ಚೀಲ ತರಿಸುವವರು ಈ ಬುದ್ಧಿಯನ್ನೂ ಒಂದು ಪ್ಯಾಕೆಟ್ ತರಿಸಬಹುದಿತ್ತು.

ನಾನು ಕುಂದಾಪುರ ಕಡೆಯವನು. 1991ರಲ್ಲಿ, ಕೊಂಕಣ ರೈಲು ಇನ್ನೂ ಇಲ್ಲದ ಕಾಲದಲ್ಲಿ, ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಇಲ್ಲಿಗೆ ಬಂದವನು. ನಮ್ಮ ಊರಲ್ಲಿ ಹಿರಿಯ ಮೊಗವೀರರು, ಖಾರ್ವಿಗಳು ಹೇಳ್ತಿದ್ದ ಮಾತು ನೆನಪಿದೆ. ಹಿಂದೆ ಹತ್ತಿಯ ನೂಲಿನ ಬಲೆಗೆ ಮರದ ತೊಗಟೆಯ ಕಷಾಯ ಕೊಟ್ಟು, ದಿನಾ ಒಣಗಿಸಿ, ಹರಿದದ್ದನ್ನು ಹೆಣೆದು ಸಾಕಾಗಿ ಹೋಗ್ತಿತ್ತಂತೆ. ನೈಲಾನ್ ಬಂದಾಗ ಅದನ್ನು ಮಾರಿದ್ದೇ ‘ಕೊಳೆಯೋದಿಲ್ಲ’ ಅಂತ. ಅದೇ ಅದರ ದೊಡ್ಡ ಗುಣ. ನಿಜಕ್ಕೂ ಅವರ ಬೆನ್ನು ಮೂಳೆ ಉಳಿಸಿತು, ಅದನ್ನು ಮರೆಯಬಾರದು. ಆದ್ರೆ ಈಗ ಸಮುದ್ರದ ತಳದಲ್ಲಿ ಬಿಟ್ಟು ಹೋದ ಬಲೆಗಳು ಯಾರೂ ಎಳೆಯದೆ ತಾವೇ ಮೀನು, ಆಮೆ ಹಿಡೀತಾ ಕೂತಿರೋದೂ ಅದೇ ಗುಣದಿಂದ. ಆಗಿನ ಅಂಗಡಿಯವ ‘ಕೊಳೆಯೋದಿಲ್ಲ’ ಅಂತ ಮಾರಿದ, ಈಗಿನವ ‘ಕರಗ್ತದೆ’ ಅಂತ ಮಾರ್ತಾನೆ. ಎರಡೂ ಸಲ ಆಮೇಲೇನು ಅಂತ ಕೇಳೋದು ಕೊಳ್ಳುವವನ ಕೆಲಸ. 70ರ ದಶಕದ ನಡುವೆ ಪರ್ಸೀನ್ ಬೋಟು ಬಂದಾಗಲೂ ಯಾರೂ ಕೇಳಲಿಲ್ಲ, ನೂರಾರು ಜನ ದಂಡೆಯಲ್ಲಿ ನಿಂತು ಎಳೀತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮುಳುಗಿ ಹೋಯ್ತು. ಅದು ಬೇರೆ ಪುರಾಣ, ಇನ್ನೊಮ್ಮೆ ಬರೀತೇನೆ.

ಈಗ ನನಗೆ ನಿಜವಾಗಿ ನಗು ಬರುವ ಭಾಗ. ಈ ಚೀಲ ನಮ್ಮ ಸಮುದ್ರಕ್ಕೆ ಬೇಕೇ ಇಲ್ಲ!

ಮೊದಲನೆಯದಾಗಿ ಇದಕ್ಕೆ ಒದ್ದೆ ಆಗಿ ಬರೋದಿಲ್ಲ. ಹಸಿ ಸಿಗಡಿ ತುಂಬಿದ್ರೆ ಎಸೆಯುವ ಮೊದಲೇ ಕೈಯಲ್ಲೇ ಲೋಳೆ. ಅದಕ್ಕೆ ಎರೆಯನ್ನು ಉಪ್ಪು ಹಾಕಿ ನೀರು ಬಸಿದು ಒಣಗಿಸಬೇಕು, ಇಲ್ಲ ಎಣ್ಣೆಯಲ್ಲಿ ಅದ್ದಬೇಕು. ಇಂಗ್ಲೆಂಡಿನ ಒಣ ಚಳಿಯ ಬೆಳಿಗ್ಗೆ ಅದೆಲ್ಲ ಆಗ್ತದೆ. ನಮ್ಮ ಮುಂಬಯಿಯಲ್ಲಿ? ಲೋಕಲ್ ಟ್ರೈನಿನಲ್ಲಿ ಅಂಗಿ ಬೆನ್ನಿಗೆ ಅಂಟಿದ ಹಾಗೆ ಈ ಚೀಲ ಬೆರಳಿಗೆ ಅಂಟ್ತದೆ. ಮಕ್ಕಳ ಬೆವರು ಕೈಗೆ ಕೊಟ್ಟು ನೋಡಿ, ಅರ್ಧ ಪ್ಯಾಕೆಟ್ ಅಲ್ಲೇ ಉಂಡೆಯಾಗಿ ಮರಳಿಗೆ ಬೀಳ್ತದೆ. ಆ ಪ್ಯಾಕೆಟ್ಟಿನ ಹೊರಗಿನ ಹೊದಿಕೆ ಏನು ಅಂತ ನೋಡಿದ್ದೀರಾ? ತೇವ ತಾಗಬಾರದಲ್ಲ, ಅದಕ್ಕೆ ಜಿಪ್ ಹಾಕಿದ ದಪ್ಪ ಪ್ಲಾಸ್ಟಿಕ್ ಚೀಲ. ಕರಗದ ಜಾತಿಯದ್ದು!

ಎರಡನೆಯದು, ಇದೇ ಕೆಲಸ ಮಾಡುವ ವಸ್ತು ನಮ್ಮ ಹತ್ರ ಮೊದಲೇ ಇದೆ. ಕೆರೆಯಲ್ಲಿ ಕಾಟ್ಲಾ, ರೋಹು ಹಿಡಿಯುವ ನಮ್ಮ ದೇಶದ ಗಾಳದವರು ತೌಡು, ಹಿಂಡಿ ಕಲಸಿ ಉಂಡೆ ಕಟ್ಟಿ ಗಾಳದ ಸುತ್ತ ಮೆತ್ತಿ ಎಸೀತಾರೆ. ನೀರಲ್ಲಿ ಉಂಡೆ ನಿಧಾನ ಬಿಚ್ಚಿ ವಾಸನೆ ಹರಡ್ತದೆ. ಉಂಡೆಯೇ ಚೀಲ, ಚೀಲವೇ ಊಟ. ಕರಗಿದ್ದನ್ನು ಮೀನೂ ತಿಂತದೆ, ಏಡಿಯೂ ತಿಂತದೆ, ಉಳಿದದ್ದು ಕೊಳೆಯುತ್ತದೆ. ಮರೀನ್ ಡ್ರೈವಿನ ಟೆಟ್ರಾಪಾಡಿನ ಮೇಲೆ, ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿನ ಬಂಡೆಯ ಮೇಲೆ ಕೂತಿರುವವರನ್ನು ನೋಡಿ, ಗೋಧಿ ಹಿಟ್ಟಿನ ಮುದ್ದೆ, ಸಿಗಡಿ ತುಂಡು, ಬೊಂಬಿಲ್ ತುಂಡು, ಇಷ್ಟರಲ್ಲೇ ಅವರ ಸಂಜೆಯ ಮೀನು ಬರ್ತದೆ. ಸಿಗಡಿ ಹಾರಿ ಹೋಗ್ತದೆ ಅಂದ್ರೆ ಒಂದಿಷ್ಟು ಉಪ್ಪು ಹಾಕಿ ರಾತ್ರಿ ಇಟ್ಟರೆ ಗಟ್ಟಿಯಾಗ್ತದೆ. ಹೂ ಕಟ್ಟುವ ಹತ್ತಿಯ ದಾರದಿಂದ ನಾಲ್ಕು ಸುತ್ತು ಸುತ್ತಿ. ನಮ್ಮ ಹೆಂಗಸರು ಮಲ್ಲಿಗೆ ಕಟ್ಟುವಷ್ಟು ನಾಜೂಕು ಬೇಕಾಗಿಲ್ಲ, ಮೀನು ಡಿಸೈನು ನೋಡೋದಿಲ್ಲ.

ಮತ್ತೆ ನಮ್ಮ ಸಮುದ್ರ ಇಂಗ್ಲೆಂಡಿನ ಕಾರ್ಪ್ ಕೆರೆ ಅಲ್ಲ. ಭರತ ಇಳಿತದ ಸೆಳೆತ ಜೋರು. ಚೀಲ ಕರಗಿ ಬಿಚ್ಚಿದ ಪುಡಿ ತಿಂಡಿ ಗಾಳದ ಸುತ್ತ ಗುಡ್ಡೆಯಾಗಿ ಕೂರೋದಿಲ್ಲ, ಸೆಳೆತ ಅದನ್ನು ಎತ್ತಿಕೊಂಡು ಹೋಗ್ತದೆ. ನಿಂತ ನೀರಿಗೆ ಮಾಡಿದ ಉಪಾಯ ಇದು.

ದೂರ ಬೀಸಬೇಕಾದವನಿಗೆ, ಎರೆ ಕಟ್ಟಲಿಕ್ಕೆ ನೈಲಾನ್ ಜಾಳಿಗೆ ಅಥವಾ ಮಾಮೂಲಿ ಪ್ಲಾಸ್ಟಿಕ್ ಬಳಸುವವನಿಗೆ, ಈ ಕರಗುವ ಚೀಲ ವಾಸಿ. ಅಷ್ಟು ಮಾತ್ರ ನಾನು ಬಿಟ್ಟು ಕೊಡ್ತೇನೆ. ಆಮೆಯ ಹೊಟ್ಟೆಗೆ ಹೋಗೋದಿಲ್ಲ, ಹಕ್ಕಿಯ ಕಾಲಿಗೆ ಸುತ್ತೋದಿಲ್ಲ. ಆಸ್ಪತ್ರೆಗಳಲ್ಲಿ ಸೋಂಕಿನ ಬಟ್ಟೆಯನ್ನು ಯಾರೂ ಮುಟ್ಟದೆ ಚೀಲ ಸಮೇತ ತೊಳೆಯುವ ಮೆಷೀನಿಗೆ ಹಾಕಲಿಕ್ಕೆ ಇದೇ ವಸ್ತುವಿನ ಚೀಲ ಬಳಸ್ತಾರೆ, ಅದು ಬಹಳ ಒಳ್ಳೆಯ ಉಪಯೋಗ. ನನ್ನ ತಕರಾರು ವಸ್ತುವಿನ ಮೇಲಲ್ಲ, ‘ಇಕೋ ಫ್ರೆಂಡ್ಲಿ’ ಅಂತ ಬ್ಯಾನರು ಕಟ್ಟುವುದರ ಮೇಲೆ.

ಯಾಕಂದ್ರೆ ಆ ಬ್ಯಾನರಿನ ನೆರಳಿನಲ್ಲಿ ಏನೇನು ನಡೀತದೆ ನೋಡಿ. ಚೀಲ ಕರಗುವಂಥದ್ದು. ಸರಿ. ಗಾಳದ ನೈಲಾನ್ ದಾರ? ಕರಗೋದಿಲ್ಲ. ಬಂಡೆಗೆ ಸಿಕ್ಕಿದ್ರೆ ಕತ್ತರಿಸಿ ಅಲ್ಲೇ ಬಿಡ್ತೇವೆ. ಸೀಸದ ಗುಂಡು? ಅಲ್ಲೇ. ಎರೆಯ ಮೇಲೆ ಸುತ್ತುವ ಎಲಾಸ್ಟಿಕ್? ಅಲ್ಲೇ. ಬಿಸ್ಲೆರಿ ಬಾಟಲಿ, ಚಿಪ್ಸಿನ ಕವರು, ಬಟಾಟೆ ವಡೆಯ ಪೊಟ್ಟಣ? ಹೇಳಬೇಕಾ? ಚೀಲ ಎಷ್ಟು ಸಾಚಾ ಆಗ್ತದೋ ಅಷ್ಟು ಉಳಿದದ್ದೆಲ್ಲ ಮಾಫಿ. ಪ್ರಯಾರಿಟಿ ಸೆಕ್ಟರ್ ಸಾಲದ ಟಾರ್ಗೆಟ್ ಮುಟ್ಟಿಸಿ ಉಳಿದ ಕಡೆ ಕಣ್ಣು ಮುಚ್ಚಿದ ಹಾಗೆ. (ನಮ್ಮ ಬ್ರಾಂಚಿನಲ್ಲಿ ಅಲ್ಲ, ಕೇಳಿದ್ದು!)

ವರ್ಸೋವಾದಲ್ಲಿ, ಮಢ್‌ನಲ್ಲಿ, ವರ್ಲಿ ಕೋಳಿವಾಡದಲ್ಲಿ ಇರುವ ಕೋಳಿ ಜನರನ್ನು ಒಂದು ಮಾತು ಕೇಳಿ. ಅವರ ಡೋಲ್ ಬಲೆ ಎತ್ತಿದಾಗ ಬೊಂಬಿಲ್, ಸಿಗಡಿಯ ಜೊತೆ ಎಷ್ಟು ಪ್ಲಾಸ್ಟಿಕ್ ಬರ್ತದೆ, ಅದನ್ನು ಆರಿಸಿ ತೆಗೆಯಲಿಕ್ಕೆ ಎಷ್ಟು ಹೊತ್ತು ಬೇಕು ಅಂತ. ನಾವು ಒಂದು ಭಾನುವಾರ ಗಾಳ ಹಾಕಿ ಫೋಟೋ ತೆಗೆಸಿಕೊಂಡು ಬರುವವರು. ಅವರದ್ದು ಹೊಟ್ಟೆಪಾಡು. ಜೂನ್ 1ರಿಂದ ಜುಲೈ 31ರ ತನಕ ಅವರ ಯಾಂತ್ರಿಕ ದೋಣಿಗಳು ದಂಡೆಯಲ್ಲಿ, ಮೀನು ಮರಿ ಹಾಕಲಿ ಅಂತ. ಆಗಲೂ ಹವ್ಯಾಸದ ಗಾಳದವರು ಬಂಡೆಯ ಮೇಲೆ ಆರಾಮ.

ಮಳೆಗಾಲದಲ್ಲಿ ದೊಡ್ಡ ಭರತ ಬಂದ ದಿನ ಮರೀನ್ ಡ್ರೈವಿಗೆ ಹೋದವರಿಗೆ ಗೊತ್ತು. ಅಲೆ ಗೋಡೆ ಹಾರಿ ಬಂದು, ನಾವು ಕೊಟ್ಟದ್ದನ್ನೆಲ್ಲ ರಸ್ತೆಗೆ ತಂದು ಸುರಿದು ಹೋಗ್ತದೆ. ಚಪ್ಪಲಿ, ಬಾಟಲಿ, ಚೀಲ, ಥರ್ಮೋಕೋಲು. ಮರುದಿನ ಪೇಪರಿನಲ್ಲಿ ಫೋಟೋ, ಪಾಲಿಕೆಯವರು ಲಾರಿಗಟ್ಟಲೆ ಎತ್ತಿ ಹಾಕ್ತಾರೆ. ಹೇಸಿಗೆ ಅನಿಸ್ತದೆ, ನಾಚಿಕೆ ಆಗ್ತದೆ, ಅದರಿಂದಲೇ ಕಾನೂನೂ ಬಂತು, ವರ್ಸೋವಾದಂಥ ಕಡೆ 2015ರಿಂದ ಜನ ಸೇರಿ ದಂಡೆ ಗುಡಿಸುವ ಕೆಲಸವೂ ಶುರುವಾಯ್ತು. ಸಮುದ್ರ ನಮಗೆ ಕೊಡುವ ಸ್ಟೇಟ್‌ಮೆಂಟ್ ಆಫ್ ಅಕೌಂಟ್ ಅದು. ಕರಗಿದ ವಸ್ತು ಆ ಸ್ಟೇಟ್‌ಮೆಂಟಿನಲ್ಲಿ ಬರೋದೇ ಇಲ್ಲ. ಗುಡಿಸಲಿಕ್ಕೆ ಸಿಗೋದಿಲ್ಲ, ಫೋಟೋ ತೆಗೆಯಲಿಕ್ಕೆ ಸಿಗೋದಿಲ್ಲ, ಯಾರ ಹೆಸರಿಗೂ ಬರೆಯಲಿಕ್ಕೆ ಆಗೋದಿಲ್ಲ. ಅದಕ್ಕೇ ನನಗೆ ಕಾಣುವ ಕಸಕ್ಕಿಂತ ಕಾಣದ ಕಸದ ಭಯ ಜಾಸ್ತಿ. ಆಡಿಟ್‌ನಲ್ಲಿ ನಲವತ್ತು ತಪ್ಪು ಕಂಡ ಬ್ರಾಂಚಿಗಿಂತ ಒಂದೂ ತಪ್ಪು ಕಾಣದ ಬ್ರಾಂಚಿನ ಬಗ್ಗೆ ಇನ್‌ಸ್ಪೆಕ್ಟರ್ ಹೆಚ್ಚು ತಲೆ ಕೆರೆದುಕೊಳ್ತಾನೆ.

ಸ್ಪರ್ಧೆ ಆಗಲಿ. ತೌಡು, ಹಿಂಡಿ, ಉಪ್ಪು ಹಾಕಿದ ಸಿಗಡಿ, ಒಂದು ಉಂಡೆ ಹೂವಿನ ದಾರ, ಇಷ್ಟು ಸಾಕು. ಚೀಲಕ್ಕೆ ಇಟ್ಟ ದುಡ್ಡಿನಲ್ಲಿ ಬೇರೆ ಒಂದು ಕೆಲಸ ಆಗ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಗಾಳ ಹಾಕುವ ಕಟ್ಟೆಗಳ ಹತ್ರ ಬಾಗಿದ ಬಾಯಿಯ ಪಿವಿಸಿ ಪೈಪು ನಿಲ್ಲಿಸ್ತಾರೆ. ಹರಿದ, ಸಿಕ್ಕುಬಿದ್ದ ನೈಲಾನ್ ದಾರವನ್ನು ಎಸೆಯದೆ ಅದರೊಳಗೆ ತುರುಕೋದು, ತುಂಬಿದ ಮೇಲೆ ಯಾರಾದರೂ ಬಂದು ಒಯ್ಯೋದು. ಬೊರಿವಲಿಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಆ ಪೈಪು, ಎಲ್ಬೋ, ಮುಚ್ಚಳ ಸಿಗ್ತದೆ. ಗೊರಾಯಿ ಜೆಟ್ಟಿಯಲ್ಲಿ ಒಂದು, ಮನೋರಿಯಲ್ಲಿ ಒಂದು ನಿಲ್ಲಿಸಬಹುದು, ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಬರೆಸಬಹುದು. ತಿಂಗಳಿಗೊಮ್ಮೆ ಖಾಲಿ ಮಾಡುವ ಪಾಳಿ ಸಂಘದ ಯುವ ವಿಭಾಗದವರದ್ದು. ಪರ್ಮಿಷನ್ನಿಗೆ ಆಫೀಸುಗಳಿಗೆ ಅಲೆಯೋದು ಯಾರು ಅಂತ ಕೇಳ್ತೀರಿ, ಗೊತ್ತು. ಒಂದು ಸಿ.ಎಲ್. ಹಾಕಿ ನಾನೇ ಹೋಗ್ತೇನೆ. ಅರ್ಜಿ ಮರಾಠಿಯಲ್ಲಿ ಬರೆದು ಇಟ್ಟಾಗಿದೆ, ಕಮಿಟಿಯವರ ಸಹಿ ಒಂದು ಬೇಕು.